ಅಲ್ಲಾಹನ ಯೋಜನೆ ಮತ್ತು ಸಹೋದರರ ತಪ್ಪು

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ನಮ್ಮ ಮನೆಗಳಲ್ಲಿ ಬಹಳವಾಗಿ ಕೇಳಿ ಬರುವ ಪದಗಳಲ್ಲಿ 'ನಸೀಬ್' ಒಂದು. ಮಗಳ ದಾಂಪತ್ಯ ಮುರಿದರೆ ನಸೀಬ್. ಮಗ ದಾರಿ ತಪ್ಪಿದರೆ ನಸೀಬ್. ಅಣ್ಣ ತಮ್ಮಂದಿರು ಆಸ್ತಿಗಾಗಿ ಮಾತು ಬಿಟ್ಟರೂ ನಸೀಬ್. ವಿಧಿಯ ಮೇಲಿನ ವಿಶ್ವಾಸವು ಈಮಾನಿನ ಅಂಗವೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಾಹನ ಅರಿವಿಗೆ ಬಾರದೆ ಮರದಿಂದ ಒಂದು ಎಲೆಯೂ ಉದುರದೆಂದು ನಾವು ನಂಬುತ್ತೇವೆ. ಆದರೆ ಈ ವಿಶ್ವಾಸವು ನೊಂದವರಿಗೆ ಆಸರೆಯಾಗಬೇಕೇ, ಅಥವಾ ನೋಯಿಸಿದವರಿಗೆ ಗುರಾಣಿಯಾಗಬೇಕೇ? ಇಂದು ನಾವು ಆಲೋಚಿಸಬೇಕಾದ ವಿಷಯ ಇದು.

ಕುಟುಂಬದ ಲೋಪಗಳನ್ನು ಕುರ್‌ಆನ್ ಮುಚ್ಚಿಡುವುದಿಲ್ಲ. ಪ್ರವಾದಿ ಇಬ್ರಾಹೀಮ್(ಅ)ರನ್ನು ಮನೆಯಿಂದ ಹೊರಗಟ್ಟಿದವರು ಅವರ ತಂದೆ. ಪ್ರವಾದಿ ಲೂತ್(ಅ)ರ ಪತ್ನಿ ಸತ್ಯದ ವಿರೋಧಿಗಳ ಜೊತೆ ನಿಂತಳು. ಪ್ರವಾದಿ ನೂಹ್(ಅ)ರ ಮಗ ತಂದೆಯ ಕಣ್ಣೆದುರೇ ಪ್ರಳಯದಲ್ಲಿ ಮುಳುಗಿದನು. ಆದ್ದರಿಂದ ಮಕ್ಕಳು ಕೆಟ್ಟರೆಂಬ ಒಂದೇ ಕಾರಣಕ್ಕೆ ಆ ತಂದೆ ತಾಯಿಯ ಮೇಲೆ ಅಲ್ಲಾಹನ ಕೋಪವಿದೆಯೆಂದು ತೀರ್ಪು ಕೊಡುವ ಅಧಿಕಾರ ನೆರೆಹೊರೆಯವರಿಗಿಲ್ಲ. ಜಮಾಅತಿನ ಹಿರಿಯರಿಗೂ ಇಲ್ಲ.

ಆದರೆ ಒಂದು ಕುಟುಂಬದ ಕಥೆಯನ್ನು ಕುರ್‌ಆನ್ ಒಂದೇ ಅಧ್ಯಾಯದಲ್ಲಿ ಆರಂಭದಿಂದ ಅಂತ್ಯದವರೆಗೆ ಹೇಳುತ್ತದೆ. ಅದು 111 ಸೂಕ್ತಗಳಿರುವ ಯೂಸುಫ್ ಅಧ್ಯಾಯ. ಮಕ್ಕಾದಲ್ಲಿ ಪ್ರವಾದಿವರ್ಯರ(ಸ) ಸ್ವಂತ ಕುಲದವರೇ ಅವರಿಗೆ ಎದುರಾಗಿ ನಿಂತಿದ್ದ ಕಾಲದಲ್ಲಿ ಅದು ಅವತೀರ್ಣಗೊಂಡಿತು. ತಂದೆಯ ಪ್ರೀತಿಯ ಕುರಿತ ಅಸೂಯೆಯಿಂದ ಸಹೋದರರು ಬಾಲಕನನ್ನು ಬಾವಿಗೆ ತಳ್ಳುತ್ತಾರೆ. ಅವನು ಕೆಲವೇ ದಿರ್‌ಹಮ್‌ಗಳಿಗೆ ಮಾರಾಟವಾಗುತ್ತಾನೆ. ಮುಂದೆ ಸುಳ್ಳು ಆರೋಪ ಮತ್ತು ವರ್ಷಗಳ ಸೆರೆವಾಸ. ಕೊನೆಗೆ ಈಜಿಪ್ಟಿನ ಉಗ್ರಾಣಗಳ ಹೊಣೆ ಅವರ ಕೈಗೆ ಬರುತ್ತದೆ. ಬರಗಾಲದಲ್ಲಿ ಧಾನ್ಯಕ್ಕಾಗಿ ಬಂದು ಕೈಚಾಚುವವರು ಅದೇ ಸಹೋದರರು. ಎಲ್ಲ ಕೊಂಡಿಗಳನ್ನೂ ಜೋಡಿಸಿದವನು ಅಲ್ಲಾಹನೇ.

ಈ ಮಧ್ಯೆ ತಂದೆ ಯಾಕೂಬ್(ಅ) ಏನು ಮಾಡಿದರು? ರಕ್ತ ಹಚ್ಚಿದ ಅಂಗಿಯನ್ನು ತಂದು ಮುಂದಿಟ್ಟಾಗ ಅವರು ಉತ್ತಮ ಸಹನೆಯ ಹಾದಿಯನ್ನು ಹಿಡಿದರು. ಆದರೆ ಮಕ್ಕಳ ಕಟ್ಟುಕಥೆಯನ್ನು ನಂಬಲಿಲ್ಲ. ಅದು ನಿಮ್ಮ ಮನಸ್ಸು ಹೆಣೆದ ಕಥೆಯೆಂದು ಅವರ ಮುಖಕ್ಕೇ ಹೇಳಿದರು. ಅತ್ತು ಅತ್ತು ಅವರ ಕಣ್ಣುಗಳು ಬೆಳ್ಳಗಾದವು. ಅಳು ಸಹನೆಗೆ ವಿರುದ್ಧವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? 86ನೇ ಸೂಕ್ತದಲ್ಲಿ ಅವರು ತನ್ನ ದುಃಖವನ್ನು ಅಲ್ಲಾಹನಲ್ಲಿ ಮಾತ್ರ ತೋಡಿಕೊಳ್ಳುವುದಾಗಿ ಹೇಳುತ್ತಾರೆ. ಅದರ ಬೆನ್ನಿಗೇ, 87ನೇ ಸೂಕ್ತದಲ್ಲಿ, ಹೋಗಿ ಯೂಸುಫರನ್ನೂ ಅವರ ತಮ್ಮನನ್ನೂ ಹುಡುಕಿರೆಂದು ಮಕ್ಕಳಿಗೆ ಆಜ್ಞಾಪಿಸುತ್ತಾರೆ. ಪ್ರಾರ್ಥನೆ ಮತ್ತು ಪ್ರಯತ್ನದ ನಡುವೆ ಅಲ್ಲಿ ಒಂದು ಸೂಕ್ತದ ಅಂತರವೂ ಇಲ್ಲ. ಇದು ತವಕ್ಕುಲ್.

ಯೂಸುಫ್(ಅ)ರನ್ನು ನೋಡಿರಿ. ಸೆರೆಮನೆಯಿಂದ ಹೊರಬರಲು ಅರಸನ ಕರೆ ಬಂದಾಗ ಅವರು ತಕ್ಷಣ ಹೊರಡಲಿಲ್ಲ. ಮೊದಲು ತನ್ನ ಪ್ರಕರಣದ ವಿಚಾರಣೆಯಾಗಲಿ ಎಂದರು. ಎಲ್ಲವೂ ಅಲ್ಲಾಹನ ಇಚ್ಛೆಯೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಸೆರೆಮನೆಯಲ್ಲಿ ಯಾರಿದ್ದರು? ಆದರೂ ತನ್ನ ಮೇಲಿನ ಕಳಂಕವನ್ನು ವಿಧಿಯೆಂದು ಹೊತ್ತುಕೊಳ್ಳಲು ಅವರು ಸಿದ್ಧರಿರಲಿಲ್ಲ. ಅಪವಾದ ಹೊತ್ತು ತವರಿಗೆ ಮರಳಿದ ಹೆಣ್ಣು ಮಗಳು ನ್ಯಾಯ ಕೇಳಿದಾಗ, 'ಸಬ್ರ್ ಮಾಡು, ಮಾತಾಡಬೇಡ' ಎಂದು ಬಾಯಿ ಮುಚ್ಚಿಸುವವರು ಈ 50ನೇ ಸೂಕ್ತವನ್ನು ಓದಬೇಕು.

ಇನ್ನು ಸಹೋದರರ ವಿಷಯ. ನಾವು ಬಾವಿಗೆ ತಳ್ಳಿದ್ದರಿಂದಲೇ ನೀನು ಇಷ್ಟು ಎತ್ತರಕ್ಕೇರಿದೆ, ಎಲ್ಲವೂ ಅಲ್ಲಾಹನ ಯೋಜನೆ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ತಾವು ತಪ್ಪಿತಸ್ಥರೆಂದು ಒಪ್ಪಿಕೊಂಡರು. ತಂದೆಯ ಮುಂದೆಯೂ ಒಪ್ಪಿಕೊಂಡು ತಮಗಾಗಿ ಕ್ಷಮೆಯನ್ನು ಬೇಡಬೇಕೆಂದು ವಿನಂತಿಸಿದರು. ಅಲ್ಲಾಹನ ಯೋಜನೆಯ ಸೂಕ್ಷ್ಮತೆಯನ್ನು ಕೊಂಡಾಡಿದವರು ನೋವುಂಡ ಯೂಸುಫರು. ಅವರು ಒಳಿತನ್ನು ಅಲ್ಲಾಹನಿಗೂ, ಬಿರುಕನ್ನು ಶೈತಾನನಿಗೂ ಸೇರಿಸಿ ಹೇಳಿದರು. ಸೆರೆಮನೆಯನ್ನು ನೆನಪಿಸಿದರೂ ಬಾವಿಯ ಹೆಸರೆತ್ತಲಿಲ್ಲ. ಅದು ಸಹೋದರರನ್ನು ನಾಚಿಸದಿರಲೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಹಿಜರಿ 8ರಲ್ಲಿ (ಕ್ರಿ.ಶ. 630) ಮಕ್ಕಾ ವಿಜಯದ ದಿನ ಪ್ರವಾದಿವರ್ಯರು(ಸ) ತಮ್ಮನ್ನು ಊರು ಬಿಡಿಸಿದವರನ್ನು ಕ್ಷಮಿಸಿದ್ದೂ ಇದೇ ಮಾದರಿಯಲ್ಲಿ.

ಸಹೋದರರೇ, ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ತಳ್ಳಿದವನು ವಿಧಿಯ ಮಾತಾಡುತ್ತಾನೆ, ಬಾವಿಯಲ್ಲಿರುವವರು ತಪ್ಪೊಪ್ಪಿಕೊಳ್ಳಬೇಕಾಗುತ್ತದೆ! ಹೆಣ್ಣಿಗೂ ಆಸ್ತಿಯಲ್ಲಿ ಪಾಲಿದೆ, ಅದು ಅಲ್ಪವಿರಲಿ ಅಧಿಕವಿರಲಿ, ಎಂದು ಅನ್ನಿಸಾ ಅಧ್ಯಾಯದ 7ನೇ ಸೂಕ್ತ ಸ್ಪಷ್ಟಪಡಿಸುತ್ತದೆ. 1937ರ ಶರೀಅತ್ ಅನ್ವಯ ಕಾಯ್ದೆಗೆ ಕುತ್ತು ಬಂದೀತೆಂದು ನಾವು ಬೀದಿಗಿಳಿದು ಘೋಷಣೆ ಕೂಗುತ್ತೇವೆ. ಆದರೆ ತಂದೆ ತೀರಿಕೊಂಡ ಬಳಿಕ, 'ಮದುವೆಗೆ ಖರ್ಚು ಮಾಡಿಯಾಗಿದೆ, ಚಿನ್ನ ಕೊಟ್ಟಾಗಿದೆ' ಎಂದು ಸಹೋದರಿಯಿಂದ ಸಹಿ ಹಾಕಿಸಿಕೊಳ್ಳುತ್ತೇವೆ. ಬೀದಿಯಲ್ಲಿ ಶರೀಅತ್, ಮನೆಯಲ್ಲಿ ನಸೀಬ್. ಇಂತಹವರ ಘೋಷಣೆಗೆ ಯಾವ ಸರಕಾರ ತಾನೇ ಬೆಲೆ ಕೊಟ್ಟೀತು?

ಹಿಜರಿ 17-18ರ (ಕ್ರಿ.ಶ. 638-639) ಸುಮಾರಿಗೆ ಸಿರಿಯಾದಲ್ಲಿ ಪ್ಲೇಗ್ ಹರಡಿದಾಗ ಖಲೀಫಾ ಉಮರ್(ರ) ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುವಿರಾ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆಂಬುದು ಉಮರ್(ರ)ರ ಉತ್ತರವಾಗಿತ್ತು. ಮಗ ವ್ಯಸನಕ್ಕೆ ಬಿದ್ದರೆ ಅದು ಪರೀಕ್ಷೆ. ಅವನನ್ನು ವೈದ್ಯರ ಬಳಿಗೆ ಕರೆದೊಯ್ಯುವ ದಾರಿಯೂ ಅಲ್ಲಾಹನೇ ತೆರೆದದ್ದು.

ಎಲ್ಲ ಕಥೆಗಳೂ ಯೂಸುಫರ ಕಥೆಯಂತೆ ಮುಗಿಯುವುದಿಲ್ಲ. ಯಾಕೂಬ್(ಅ)ರಿಗೆ ಮಗ ಮರಳಿ ಸಿಕ್ಕಿದರು, ನೂಹ್(ಅ)ರಿಗೆ ಸಿಗಲಿಲ್ಲ. ಇಬ್ಬರೂ ಅಲ್ಲಾಹನ ಪ್ರೀತಿಯ ದಾಸರೇ. ಫಲಿತಾಂಶವನ್ನು ನೋಡಿ ಭರವಸೆಯಿಡುವುದು ವ್ಯಾಪಾರ. ಫಲಿತಾಂಶ ಕಾಣುವುದಕ್ಕೆ ಮೊದಲೇ ಭರವಸೆಯಿಡುವುದು ಈಮಾನ್. ನಮ್ಮ ಬದುಕಿನ ಅನೇಕ ಪ್ರಶ್ನೆಗಳಿಗೆ ಉತ್ತರ ಪರಲೋಕದಲ್ಲೇ ಸಿಗಬಹುದು. ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸವಂತೂ ಸ್ಪಷ್ಟವಿದೆ. ನೊಂದಿದ್ದರೆ ಅಲ್ಲಾಹನಲ್ಲಿ ತೋಡಿಕೊಳ್ಳೋಣ, ನಿರಾಶರಾಗದೆ ದಾರಿ ಹುಡುಕೋಣ. ನೋಯಿಸಿದ್ದರೆ ಈ ವಾರವೇ ಆ ಮನೆಯ ಬಾಗಿಲು ತಟ್ಟಿ ತಪ್ಪೊಪ್ಪಿಕೊಳ್ಳೋಣ, ತಡೆದಿಟ್ಟ ಹಕ್ಕನ್ನು ಮರಳಿಸೋಣ.

ಅಲ್ಲಾಹನು ನಮ್ಮ ಮನೆಗಳ ಬಿರುಕುಗಳನ್ನು ಬೆಸೆಯಲಿ, ನೊಂದವರಿಗೆ ಯಾಕೂಬ್(ಅ)ರ ಸಹನೆಯನ್ನೂ ತಪ್ಪಿತಸ್ಥರಿಗೆ ಪಶ್ಚಾತ್ತಾಪದ ಭಾಗ್ಯವನ್ನೂ ಕರುಣಿಸಲಿ. ಆಮೀನ್.