ಆಗುವುದೋ, ಆಗದೋ?



ನಮ್ಮ ಸಂಘದ ತರುಣರೊಬ್ಬರು ಕಬ್ಬಿನ ಹಾಲನ್ನು ಸೀಸೆಯಲ್ಲಿ ತುಂಬಿ ಮಾರಬೇಕೆಂದಿದ್ದಾರೆ. ಮನೆಯ ಒಡವೆ ಅಡವಿಡಲೂ ಸಿದ್ಧ. ಹಿರಿಯರಾದ ನಾವು ಥಟ್ಟನೆ ‘ಅದು ಆಗುವ ಮಾತಲ್ಲ’ ಎಂದೆವು. ಹಾಗೆನ್ನಲು ನಮಗೆ ಆಧಾರವೇನಿತ್ತು?

ಈ ಮುಂಬಯಿಗೆ ಹಾಲು ಕಳುಹಿಸುತ್ತಿದ್ದ ಗುಜರಾತಿನ ಆನಂದ್ ಊರಿನ ಸಂಗತಿ ಕೇಳಿ. ಚಳಿಗಾಲದಲ್ಲಿ ಅಲ್ಲಿ ಹಾಲು ಮಿಗುತ್ತಿತ್ತು, ಪುಡಿಮಾಡಿದರೆ ಉಳಿದೀತು. ಆದರೆ ಎಮ್ಮೆಯ ಹಾಲಿನಲ್ಲಿ ಜಿಡ್ಡು ಸುಮಾರು ನೂರಕ್ಕೆ 7 ಪಾಲು, ಹಸುವಿನದರಲ್ಲಿ 4. ಎಮ್ಮೆಯ ಹಾಲು ಪುಡಿಯಾಗದೆಂದು ಪರದೇಶದ ತಜ್ಞರು ಹೇಳಿಬಿಟ್ಟಿದ್ದರು. ಎಚ್. ಎಂ. ದಲಾಯ ಅವರು ಬಣ್ಣ ಹೊಡೆಯುವ ಸ್ಪ್ರೇಗನ್ನನ್ನೂ ಗಾಳಿ ಕಾಯಿಸುವ ಸಾಧನವನ್ನೂ ಜೋಡಿಸಿ, ಒಂದಿಷ್ಟು ಹಾಲನ್ನು ಪುಡಿಮಾಡಿಯೇ ತೋರಿಸಿದರು. ತುಂತುರು ಒಣಗುವುದೇ ಎಂಬುದೊಂದೇ ಸಂಶಯ; ಪರೀಕ್ಷಿಸಿದ್ದೂ ಅದನ್ನೇ. 1955ರಲ್ಲಿ ಕಾರ್ಖಾನೆಯೇ ಎದ್ದುನಿಂತಿತು.

ಪುಡಿಯಾದ ಮಾತ್ರಕ್ಕೆ ಎಳೆಗೂಸಿಗೆ ಒಗ್ಗೀತೇ? ಎಮ್ಮೆಯ ಹಾಲು ಹೊಟ್ಟೆಯಲ್ಲಿ ಗಟ್ಟಿಯಾಗಿ ಗರಣೆಗಟ್ಟುತ್ತದೆ. ಅದನ್ನು ಮೆದುವಾಗಿಸುವ ಬಗೆಯನ್ನು ನಮ್ಮ ಮೈಸೂರಿನ ಆಹಾರ ಸಂಶೋಧನಾಲಯದವರು ಬೇರೆಯಾಗಿಯೇ ಹುಡುಕಬೇಕಾಯಿತು.

ಇನ್ನು ನಮ್ಮ ಕಬ್ಬಿನ ಹಾಲು. ಹಿಂಡಿದೊಡನೆ ಕಪ್ಪಾಗತೊಡಗುತ್ತದೆ, ಬೇಗ ಹುಳಿಯುತ್ತದೆ. ಕಾಯಿಸಿದರೋ ಬೆಲ್ಲದ ವಾಸನೆ. ನಡುವೆ ದಾರಿಯುಂಟೇ? ತರುಣರು ಹತ್ತು ಸೀಸೆ ತುಂಬಿಟ್ಟು ನೋಡಲಿ. ಒಡವೆ ಅಲ್ಲಿಯವರೆಗೆ ಪೆಟ್ಟಿಗೆಯಲ್ಲೇ ಇರಲಿ.