ಕಸಿ ಕಡ್ಡಿಯನ್ನು ಬಚ್ಚಿಡಬೇಡಿ

(ಹಿತ್ತಲಲ್ಲಿ ಹಣ್ಣಿನ ಗಿಡ ಬೆಳೆಸುವವರ ಕೂಟದಲ್ಲಿ ಆಡಿದ ಮಾತು)



ಕುಮಟಾದಿಂದ ಹೊನ್ನಾವರ ದಾಟಿ ಭಟ್ಕಳದವರೆಗೆ ಮುರುಗಲು ಹಣ್ಣಿನ ಪಾನಕ ಕುಡಿಯದವರು ಯಾರಿದ್ದಾರೆ? ಒಣಸಿಪ್ಪೆ, ಬೀಜದ ತುಪ್ಪ ಎಲ್ಲ ನಮಗೆ ಗೊತ್ತು. ಆದರೆ ಬೀಜ ಬಿತ್ತಿದವನ ನಷ್ಟದ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ. ಏಳೆಂಟು ವರ್ಷ ಸಾಕಿ, ಹೂ ಬಿಟ್ಟ ಮೇಲೆಯೇ ಗುಟ್ಟು ರಟ್ಟಾಗುವುದು. ನಾನೂ ಕೈಗಡ ಮಾಡಿ ಹನ್ನೆರಡು ಸಸಿ ತಂದವನೇ. ಕಸಿ ಗಿಡ ಅಂತಲೇ ಹೇಳಿ ಕೊಟ್ಟಿದ್ದರು. ಏಳು ಗಂಡಾದವು. ಬಡ್ಡಿ ಬೆಳೆಯುವಾಗ ಗಂಡು ಹೆಣ್ಣು ನೋಡ್ತದೆಯೇ ಮಾರಾಯ್ರೆ?

ಹಾಗಾಗಿ ಕಸಿಯನ್ನು ನಾವೇ ಕಲಿಯಬೇಕು. ಬೀಜದ ಸಸಿ ಪೆನ್ಸಿಲ್ ದಪ್ಪ ಆದಾಗ ಅದರ ತಲೆ ಕತ್ತರಿಸಿ, ನಡುವೆ ಸೀಳಿ. ಹಣ್ಣು ಬಿಡುವ ಮರದ ಕಡ್ಡಿಯ ಬುಡವನ್ನು ಎರಡೂ ಕಡೆ ಬೆಣೆಯಂತೆ ಕೆತ್ತಿ ಅದರೊಳಗೆ ಕೂರಿಸಿ. ಕನಿಷ್ಠ ಒಂದು ಬದಿಯಾದರೂ ಸಿಪ್ಪೆಗೆ ಸಿಪ್ಪೆ ಕೂಡಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಐಸ್‌ಕ್ಯಾಂಡಿಯ ಕೊಟ್ಟೆ ತಲೆಗೆ ಹಾಕಿ ನೆರಳಲ್ಲಿಡಿ. ಕಡ್ಡಿಯನ್ನು ದೂರ ಒಯ್ಯುವುದಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ. ಇನ್ನೊಂದು ಮಾತು, ಇದನ್ನು ಬಹಳ ಮಂದಿ ತಪ್ಪುತ್ತಾರೆ: ಮುರುಗಲಿಗೆ ನೆಟ್ಟಗೆ ಮೇಲೇಳುವ ಚಿಗುರಿನ ಕಡ್ಡಿಯೇ ಆಗಬೇಕು. ಅಡ್ಡ ರೆಂಬೆಯದು ಕಟ್ಟಿದರೆ ಗಿಡ ನೆಲಕ್ಕೆ ಹರಡುತ್ತದೆ, ಮೇಲೇಳುವುದಿಲ್ಲ. ಜಾಯಿಕಾಯಿಗೂ ಇದೇ ಮಾತು. ಅದರಲ್ಲೂ ಗಂಡು ಹೆಣ್ಣು ಬೇರೆ.

ಹಿತ್ತಲಲ್ಲಿ ಆಗಲೇ ದೊಡ್ಡದಾದ ಗಂಡು ಮರ ಇದ್ದರೆ ಬುಡಸಮೇತ ಕಿತ್ತು ಹಾಕಬೇಡಿ. ಮೇಲೆ ಕಡಿದು, ಬಂದ ಹೊಸ ಚಿಗುರಿಗೆ ಹೆಣ್ಣಿನ ಕಡ್ಡಿ ಕಟ್ಟಬಹುದು.

ಈಗ ಬೆಲೆಯ ವಿಷಯ. ಹಣ್ಣು ಮಾಗುತ್ತಾ ಇರುವಾಗಲೇ ಮಿರ್ಗದ ಮಳೆ ಹಿಡಿಯುತ್ತದೆ. ಸಿಪ್ಪೆ ಒಣಗುವುದಿಲ್ಲ, ಬೂಸಲು ಬರುತ್ತದೆ, ವ್ಯಾಪಾರಿ ಹೇಳಿದ ದರಕ್ಕೆ ಕೊಟ್ಟು ಬರುತ್ತೇವೆ. ಆದರೆ ಊರಿಗೊಂದೆರಡು ಮರ ಮಳೆಗೆ ಮೊದಲೇ ಹಣ್ಣು ಮುಗಿಸುತ್ತವೆ, ನೋಡಿದ್ದೀರಲ್ಲ? ಆ ಮರವೇ ನಮ್ಮ ಬಂಡವಾಳ. ಕಡ್ಡಿ ತೆಗೆಯಬೇಕಾದ್ದು ಅದರದ್ದೇ.

ಆದರೆ ಅಂಥ ಮರ ಇದ್ದವರೇ ಕಡ್ಡಿ ಕೊಡುವುದಿಲ್ಲ. "ಎಲ್ಲರ ಹಿತ್ತಲಲ್ಲೂ ಆದರೆ ನನ್ನದಕ್ಕೆ ಬೆಲೆ ಎಲ್ಲಿ?" ಅಂತಾರೆ. ಅಣ್ಣಾ, ನಿನ್ನ ಒಂದು ಚೀಲ ಸಿಪ್ಪೆಗೆ ಯಾವ ವ್ಯಾಪಾರಿ ಗಾಡಿ ಕಳಿಸ್ತಾನೆ? ಊರೆಲ್ಲ ಸೇರಿ ಐವತ್ತು ಚೀಲ ಒಣ ಮಾಲು ಇಟ್ಟುಕೊಂಡು ಕೂತರೆ ದರ ಕೇಳುವ ಬಾಯಿ ನಮ್ಮದಾಗುತ್ತದೆ. ಭಟ್ಕಳದ ಮಲ್ಲಿಗೆ ಗೂಟಿ, ಕಡ್ಡಿಯಿಂದಲೇ ಹಿತ್ತಲಿಂದ ಹಿತ್ತಲಿಗೆ ದಾಟಿದ್ದು. ಅದರಿಂದ ಹೂವಿನ ಪೇಟೆ ಕೆಟ್ಟಿತೇ? ನೆರೆಯ ಅಂಕೋಲೆಯ ಕರಿ ಇಷಾಡ್ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಗೊರಟು ನೆಟ್ಟರೆ ತಾಯಿಯ ರುಚಿ ಬರುವ ಭರವಸೆ ಇಲ್ಲ, ಕಸಿಯೇ ಗತಿ.

ಕಾನೂನಿನ ಹೆದರಿಕೆಯೂ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು, ಬೀಜವನ್ನು ಉಳಿಸುವ, ಬದಲಾಯಿಸುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಗಿಡವಾಗಬಲ್ಲ ಕಡ್ಡಿಯೂ ಆ ಕಾಯ್ದೆಯ ಲೆಕ್ಕದಲ್ಲಿ ಬೀಜವೇ.

ಈ ಸಲ ಮಿರ್ಗಕ್ಕೆ ಮೊದಲು ನಿಮ್ಮ ಊರಿನ ಮುರುಗಲು ಮರಗಳನ್ನು ಒಂದು ಸುತ್ತು ನೋಡಿ ಬನ್ನಿ. ಯಾವ ಮರ ಎಂದು ಹಣ್ಣು ಮುಗಿಸಿತು ಎಂಬುದನ್ನು ಬರೆದಿಡಿ, ಮರಕ್ಕೊಂದು ಸುಣ್ಣದ ಗುರುತು ಹಾಕಿ. ಮುಂದಿನ ಕೂಟಕ್ಕೆ ಬರುವಾಗ ಹರಿತ ಚಾಕು ತನ್ನಿ.