ವೇಗವೂ ವಿಳಂಬವೂ

ಅಂತರ್ಜಾಲದ ಸಂಪರ್ಕವನ್ನು ಮಾರುವವರು ಮುಖ್ಯವಾಗಿ ವೇಗವನ್ನೇ ಮಾರುತ್ತಾರೆ. ನೂರು ಎಂಬಿಪಿಎಸ್, ಮುನ್ನೂರು ಎಂಬಿಪಿಎಸ್ ಎಂದು ಬೆಲೆ ಏರುತ್ತಾ ಹೋಗುತ್ತದೆ. ದೂರದ ಎದುರಾಳಿಗಳೊಡನೆ ಆಡಿ ಪದೇ ಪದೇ ಸೋತ ಮಗ, "ಅಪ್ಪಾ, ನಮ್ಮ ನೆಟ್ ನಿಧಾನ" ಎಂದು ದೂರಿದಾಗ ತಂದೆ ಇನ್ನಷ್ಟು ವೇಗವನ್ನು ಕೊಳ್ಳುತ್ತಾರೆ. ಸೋಲು ಮಾತ್ರ ಹಾಗೆಯೇ ಉಳಿಯುತ್ತದೆ. ತಿಂಗಳು ತಿಂಗಳೂ ತೆರುವ ಈ ಹೆಚ್ಚಿನ ಹಣದಿಂದ ದೊರೆತದ್ದೇನು ಎಂದು ಕೇಳುವುದು ಜಿಪುಣತನವಾಗಲಾರದು, ಕೇಳುಗರೆ.

ಆಟ ನಡೆಯುವಾಗ ತಂತಿಯಲ್ಲಿ ಹೋಗಿಬರುವ ಸುದ್ದಿ ಬಹು ಅಲ್ಪ. ಆಟಗಾರ ಎಲ್ಲಿ ನಿಂತಿದ್ದಾನೆ, ಯಾವ ಗುಂಡಿಯನ್ನು ಒತ್ತಿದ, ಇಷ್ಟೆ. ಸಾಮಾನ್ಯವಾಗಿ ಇದಕ್ಕೆ 1 ಎಂಬಿಪಿಎಸ್ ಕೂಡ ಬೇಕಾಗದು. (ಆಟವನ್ನೇ ಇಳಿಸಿಕೊಳ್ಳುವ ದಿನ ಹತ್ತಾರು ಗಿಗಾಬೈಟ್ ಬರಬೇಕು, ಆಗ ವೇಗಕ್ಕೆ ಬೆಲೆಯುಂಟು.) ಸೋಲು ಗೆಲುವುಗಳಿಗೆ ಸಂಬಂಧಿಸಿದ್ದು, ಕಳುಹಿದ ಸುದ್ದಿ ಆಟದ ಸರ್ವರನ್ನು ಮುಟ್ಟಿ ಮರಳುವ ಅವಧಿ. ಆಟಗಾರರು ಇದನ್ನು ಪಿಂಗ್ ಎನ್ನುತ್ತಾರೆ, ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಕಾಲುವೆ ಎಷ್ಟೇ ಅಗಲವಿರಲಿ, ಕೆರೆ ದೂರವಿದ್ದರೆ ಮೊದಲ ನೀರು ಗದ್ದೆಗೆ ತಡವಾಗಿಯೇ ಬರುತ್ತದೆ.

ಈ ತಡಕ್ಕೆ ನಿಸರ್ಗವೇ ಹಾಕಿದ ಮಿತಿಯೊಂದುಂಟು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ಎಳೆಯ ದಾರಿ 1,000 ಕಿ.ಮೀ. ಎಂದಿಟ್ಟುಕೊಂಡರೆ ಹೋಗಿಬರಲು 10 ಮಿಲಿಸೆಕೆಂಡ್ ಬೇಕು. ಸಿಂಗಪುರ 3,000 ಕಿ.ಮೀ.ಗೂ ಆಚೆ, ಅಲ್ಲಿಗೆ 30ಕ್ಕೂ ಮೇಲು. ನಡುವಣ ಯಂತ್ರಗಳ ತಡ ಬೇರೆ. 35,786 ಕಿ.ಮೀ. ಎತ್ತರದ ಉಪಗ್ರಹದ ಮೂಲಕ ಆಡಹೊರಟರೆ ಹೆಚ್ಚುಕಡಿಮೆ ಅರ್ಧ ಸೆಕೆಂಡು ಬಾನಿನಲ್ಲೇ ಕಳೆದುಹೋಗುತ್ತದೆ. ಅಷ್ಟರಲ್ಲಿ ಎದುರಾಳಿ ಗುಂಡು ಹೊಡೆದು ಮರೆಗೆ ಸರಿದಿರುತ್ತಾನೆ. ಸಾವಕಾಶವಾಗಿ ಆಡುವ ಚದುರಂಗಕ್ಕೆ ಇದರ ಬಾಧೆಯಿಲ್ಲ.

ಪಿಂಗ್ ಹೆಚ್ಚಿರುವುದಕ್ಕಿಂತ ಚಂಚಲವಾಗಿರುವುದು ಕೆಟ್ಟದ್ದು ಎಂದೇ ನನ್ನ ಎಣಿಕೆ. ಸದಾ 50 ಇದ್ದರೆ ಕೈ ಅದಕ್ಕೆ ಒಗ್ಗುತ್ತದೆ. 20ರಿಂದ 200ಕ್ಕೆ ನೆಗೆದು ಇಳಿದರೆ ಪಳಗಿದವನೂ ತಪ್ಪುತ್ತಾನೆ. ಮೊಬೈಲ್ ಸಂಪರ್ಕದ ಕೊರತೆ ಇದೇ: ಒಂದು ಗೋಪುರವನ್ನು ಊರೆಲ್ಲ ಹಂಚಿಕೊಳ್ಳುತ್ತದೆ. ಮನೆಯವರೆಗೆ ಬರುವ ಫೈಬರ್ ಮೇಲು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕೊಂಬೆ ಬಿದ್ದು ಎಳೆ ತುಂಡಾದರೆ ಜೋಡಿಸಲು ಎಷ್ಟು ದಿನ ಬೇಕೆಂಬುದನ್ನು ಮೊದಲೇ ವಿಚಾರಿಸಬೇಕು. ಅದನ್ನು ಹೇಳಬಲ್ಲವರು ಅದೇ ಬೀದಿಯ ನೆರೆಯವರು.

ಎಷ್ಟೋ ಸಲ ದೋಷ ಮನೆಯೊಳಗೇ ಇರುತ್ತದೆ. ವೈಫೈ ಗೋಡೆಗಳನ್ನು ದಾಟುವಾಗ ಬಳಲುತ್ತದೆ. ಅಕ್ಕ ಮದುವೆಯ ಚಿತ್ರಗಳನ್ನು ಕಳುಹಿಸುತ್ತಿರುವಾಗ ತಮ್ಮನ ಪುಟ್ಟ ಸುದ್ದಿ ರೂಟರಿನ ಬಾಗಿಲಲ್ಲಿ ಸರದಿ ಕಾಯುತ್ತದೆ. ಆದಕಾರಣ ಹೊಸ ಯೋಜನೆಗೆ ಹಣ ಕಟ್ಟುವ ಮುನ್ನ ರೂಟರಿನಿಂದ ಗಣಕಕ್ಕೆ ನೇರವಾಗಿ ಒಂದು ಕೇಬಲ್ ಎಳೆದು, ಸಂಜೆ ಎಂಟರ ಹೊತ್ತಿಗೆ ಪಿಂಗ್ ನೋಡಿರಿ. ಮನೆಯವರೆಲ್ಲ ಫೋನ್ ಕೆಳಗಿಟ್ಟಾಗ ಒಮ್ಮೆ, ಎತ್ತಿಕೊಂಡಾಗ ಇನ್ನೊಮ್ಮೆ.